ಕುಡಗೋಲಿನ ನೀಲಿ, ಟೈಟೇನಿಯಂ ನೀಲಿ

ಕುಡಗೋಲನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿದರೆ ಕಂಬಾರರ ಕೆಲಸ ಮುಗಿಯಿತು ಎಂದು ಕುಲುಮೆಯ ಮುಂದೆ ನಿಂತು ನೋಡುವವರಿಗೆ ಅನ್ನಿಸುತ್ತದೆ. ನಾಜೂಕಿನ ಕೆಲಸ ಆಗಿನ್ನೂ ಬಾಕಿ ಇರುತ್ತದೆ. ನೀರು ಕುಡಿದ ಉಕ್ಕು ವಿಪರೀತ ಗಡಸು. ಹೊಲದಲ್ಲಿ ಒಂದು ಕಲ್ಲಿಗೆ ತಾಗಿದರೂ ಅದರ ಬಾಯಿ ಚಕ್ಕೆ ಏಳುತ್ತದೆ. ಅದಕ್ಕೇ ಅಂಚನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ಬೆನ್ನಿನ ಕಡೆಯಿಂದ ಮತ್ತೊಮ್ಮೆ ಸಣ್ಣ ಕಾವು ಕೊಡುತ್ತಾರೆ. ತಿಕ್ಕಿದ ಜಾಗದಲ್ಲಿ ಆಗ ಬಣ್ಣಗಳು ಓಡತೊಡಗುತ್ತವೆ. ಮೊದಲು ಒಣಹುಲ್ಲಿನ ತೆಳು ಹಳದಿ, ಆಮೇಲೆ ಕಂದು, ಅದರ ಬೆನ್ನಿಗೇ ನೇರಳೆ, ಕೊನೆಗೆ ನೀಲಿ. ಸಾದಾ ಇಂಗಾಲದ ಉಕ್ಕಿನಲ್ಲಿ ಆ ಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಕಾಣಿಸಿಕೊಂಡರೆ, ನೀಲಿ 300ರ ಆಸುಪಾಸಿಗೆ ಬರುತ್ತದೆ. ಕುಲುಮೆಯಲ್ಲಿ ಉಷ್ಣಮಾಪಕ ಇರುವುದಿಲ್ಲ, ಬಣ್ಣವೇ ಅಲ್ಲಿನ ಮಾಪಕ. ಹಳದಿಗೆ ನಿಲ್ಲಿಸಿದರೆ ಕ್ಷೌರದ ಕತ್ತಿಯ ಹದ, ನೇರಳೆಗೆ ನಿಲ್ಲಿಸಿದರೆ ಪೆಟ್ಟು ತಾಳುವ ಉಳಿ-ಕೊಡಲಿಯ ಹದ, ನೀಲಿಗೆ ಬಿಟ್ಟರೆ ಬಾಗಿ ಮತ್ತೆ ನೆಟ್ಟಗಾಗುವ ಸ್ಪ್ರಿಂಗಿನ ಹದ. ಬೈಲಹೊಂಗಲದ ಎರೆಹೊಲದಲ್ಲಿ ಗೋದಿ ಕೊಯ್ಯುವ ಕುಡಗೋಲಿರಲಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ಕೊಯ್ತಾ ಇರಲಿ, ಹಳೆ ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಅಲಗು ಬಾಳಿಕೆ ಬರುವುದೋ ಇಲ್ಲವೋ ಎಂಬುದು ಈ ಕೆಲವು ಕ್ಷಣಗಳ ನೋಟದಲ್ಲಿ ತೀರ್ಮಾನವಾಗುತ್ತದೆ.

ಇದೇ ಬಣ್ಣಗಳು ಹೆಚ್ಚುಕಡಿಮೆ ಇದೇ ಸರದಿಯಲ್ಲಿ ಈಗ ಬೇರೊಂದು ಕಡೆ ಕಾಣಿಸುತ್ತಿವೆ. ಮಡಚುವ ಚಾಕುಗಳ ಹವ್ಯಾಸಿಗಳು ತಮ್ಮ ಚಾಕುವಿನ ಟೈಟೇನಿಯಂ ಭಾಗಗಳಿಗೆ ಮನೆಯಲ್ಲೇ ಬಣ್ಣ ಬರಿಸಿಕೊಳ್ಳುತ್ತಾರೆ. ಇಂಥ ಚಾಕುವಿನ ಅಲಗು ಉಕ್ಕಿನದು. ಹಿಡಿಯ ಎರಡು ಹಲಗೆಗಳು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪು, ಕೆಲವೊಮ್ಮೆ ತಿರುಪುಗಳೂ ಟೈಟೇನಿಯಂನವು. ಹಿಡಿಯ ಒಂದು ಹಲಗೆಯನ್ನೇ ಸೀಳಿ, ಆ ಸೀಳಿನ ತುಂಡು ಸ್ಪ್ರಿಂಗಿನಂತೆ ಒಳಗೆ ಬಾಗಿ ಅಲಗಿನ ಬುಡವನ್ನು ತಡೆಹಿಡಿಯುವ ಬೀಗದ ವಿನ್ಯಾಸವನ್ನು ದಕ್ಷಿಣ ಆಫ್ರಿಕಾ ಮೂಲದ ಕ್ರಿಸ್ ರೀವ್ ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಮೇಲೆ, ದುಬಾರಿ ಚಾಕುಗಳಲ್ಲಿ ಟೈಟೇನಿಯಂ ಹಿಡಿ ಮಾಮೂಲಾಯಿತು. ಅದನ್ನು ಬಿಚ್ಚಿ, ಸೋಡಾ ಕಲಸಿದ ನೀರಿನಲ್ಲಿ ಇಳಿಬಿಟ್ಟು, ಬ್ಯಾಟರಿ ಜೋಡಿಸಿದರೆ ನೋಡನೋಡುತ್ತಿದ್ದಂತೆ ಬೂದು ಲೋಹ ನೀಲಿಯಾಗುತ್ತದೆ. ಇದನ್ನು ಬಹಳ ಜನ ಒಂದು ಬಗೆಯ ಪೇಂಟಿಂಗ್ ಎಂದೇ ತಿಳಿದಿದ್ದಾರೆ. ನನ್ನ ಪ್ರಕಾರ ಎಲ್ಲ ಎಡವಟ್ಟು ಶುರುವಾಗುವುದೇ ಆ ತಿಳಿವಳಿಕೆಯಿಂದ. ಕುಡಗೋಲಿನ ಮೇಲೆ ಓಡುವ ನೀಲಿಯಂತೆ ಟೈಟೇನಿಯಂ ಮೇಲಿನ ನೀಲಿಯೂ ಒಂದು ಅಳತೆ, ಪದರದ ದಪ್ಪವನ್ನು ಕಣ್ಣಿಗೆ ತೋರಿಸುವ ಅಳತೆ. ಹಾಗೆಂದು ಅರಿತವರಿಗೆ ಮನೆಯಲ್ಲಿ ಯಾವುದನ್ನು ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮೊದಲು ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ರಾಮದುರ್ಗದ ನೇಕಾರರ ನೂಲಿಗೆ ಬಣ್ಣ ಏರಿಸುವಾಗ ಬಣ್ಣದ ಕಣಗಳು ಎಳೆಯ ಒಳಗೆ ಇಳಿದು ಕೂರುತ್ತವೆ. ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಪಾತ್ರೆ, ಟಾರ್ಚುಗಳ ಬಣ್ಣವೂ ಹಾಗೆಯೇ. ಅಲ್ಲಿ ವಿದ್ಯುತ್ತು ಲೋಹದ ಮೇಲೆ ಸೂಕ್ಷ್ಮ ರಂಧ್ರಗಳಿರುವ ಪದರ ಬೆಳೆಸುತ್ತದೆ, ಆ ರಂಧ್ರಗಳು ಬಣ್ಣ ಹೀರುತ್ತವೆ, ಮೇಲೆ ಬಾಯಿ ಮುಚ್ಚಲಾಗುತ್ತದೆ. ಟೈಟೇನಿಯಂನಲ್ಲಿ ಹೊರಗಿನ ಬಣ್ಣ ಒಂದು ಹನಿಯೂ ಇಲ್ಲ. ಗಾಳಿಗೆ ಒಡ್ಡಿದೊಡನೆ ಟೈಟೇನಿಯಂ ತನ್ನ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪಾರದರ್ಶಕ ಪದರ ಕಟ್ಟಿಕೊಳ್ಳುತ್ತದೆ. ಅದಕ್ಕೆ ತುಕ್ಕು ಹಿಡಿಯದಿರುವುದಕ್ಕೂ ಅದೇ ಕಾರಣ. ವಿದ್ಯುತ್ತು ಹಾಯಿಸಿ ಈ ಪದರವನ್ನು ದಪ್ಪವಾಗಿಸಿದರೆ, ಬೆಳಕಿನ ಒಂದು ಪಾಲು ಪದರದ ಮೇಲ್ಮೈಯಿಂದ ತಿರುಗುತ್ತದೆ, ಇನ್ನೊಂದು ಪಾಲು ಒಳಹೊಕ್ಕು ಲೋಹಕ್ಕೆ ತಾಗಿ ಹಿಂದಿರುಗುತ್ತದೆ. ಎರಡೂ ಸೇರುವಾಗ ಕೆಲವು ಬಣ್ಣಗಳ ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಕೆಲವು ಬಲಗೊಳ್ಳುತ್ತವೆ. ಉಳಿದ ಬೆಳಕನ್ನು ನಾವು ನೀಲಿ, ಹಳದಿ ಎನ್ನುತ್ತೇವೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ವ್ಯತಿಕರಣ ಎಂದು ಓದಿ ಮರೆತದ್ದು ಇದನ್ನೇ. ಮಳೆಗಾಲದಲ್ಲಿ ಸವದತ್ತಿ ಬಸ್ ನಿಲ್ದಾಣದ ಹೊಂಡದ ನೀರಿನ ಮೇಲೆ ಡೀಸೆಲ್ ಬಿದ್ದರೆ ಕಾಣುವ ಬಣ್ಣದ ಉಂಗುರಗಳಲ್ಲಿ ನಡೆಯುವುದೂ ಇದೇ.

ಪದರ ಎಷ್ಟು ದಪ್ಪ ಬೆಳೆಯಬೇಕು ಎಂಬುದನ್ನು ವೋಲ್ಟೇಜು ನಿರ್ಧರಿಸುತ್ತದೆ. ಒಂದು ವೋಲ್ಟಿಗೆ ಸುಮಾರು 2 ನ್ಯಾನೋಮೀಟರ್ ಎಂಬುದು ಒರಟು ಲೆಕ್ಕ. 27 ವೋಲ್ಟು ಕೊಟ್ಟರೆ 50ರಿಂದ 60 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ಕುಲುಮೆಗೂ ಬ್ಯಾಟರಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುತ್ತದೆ. ಉಕ್ಕಿನ ಬಣ್ಣ ನಿಲ್ಲುವುದಿಲ್ಲ. ಕಾವು ಇರುವಷ್ಟು ಹೊತ್ತೂ ಹಳದಿ ಕಂದಾಗುತ್ತದೆ, ಕಂದು ನೇರಳೆಯಾಗುತ್ತದೆ. ಸರಿಯಾದ ಗಳಿಗೆಗೆ ನೀರಿಗೆ ಅದ್ದದಿದ್ದರೆ ಹದ ಕೈತಪ್ಪಿತು. ಟೈಟೇನಿಯಂ ಪದರವಾದರೋ ಕೊಟ್ಟ ವೋಲ್ಟೇಜಿಗೆ ತಕ್ಕಷ್ಟು ಬೆಳೆದು ತಾನೇ ವಿದ್ಯುತ್ತಿಗೆ ಅಡ್ಡಗೋಡೆಯಾಗುತ್ತದೆ, ಹರಿವು ಇಳಿದುಹೋಗುತ್ತದೆ, ಬಣ್ಣ ಅಲ್ಲಿಗೆ ನಿಲ್ಲುತ್ತದೆ. ಮತ್ತರ್ಧ ಗಂಟೆ ಬಿಟ್ಟರೂ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಕಂಬಾರರ ವಿದ್ಯೆ ಸಮಯದ್ದು, ಇದು ಅಂಕಿಯದ್ದು. ಹಾಗಾಗಿಯೇ ವರ್ಷಗಟ್ಟಲೆ ಕೈ ಪಳಗಿಸದವರೂ ಇದನ್ನು ಮನೆಯಲ್ಲಿ ಮಾಡಬಲ್ಲರು. ಹಾಗೆ ನೋಡಿದರೆ ಇದು ಕುಲುಮೆಯ ವಿದ್ಯೆಗಿಂತ ಸುಲಭದ್ದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಉಕ್ಕಿನ ಬಣ್ಣಗಳಿಗೂ ಇಂಥದೇ ಪದರ ಕಾರಣ ಎಂಬುದು ಸಲೀಸಾಗಿ ಒಪ್ಪಿತವಾದ ಮಾತೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅದರ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿತ್ತು. 1922ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ಕೂಡ ಹದ ಮಾಡಿದ ಉಕ್ಕಿನ ಬಣ್ಣಗಳ ಬಗ್ಗೆ 'ನೇಚರ್' ಪತ್ರಿಕೆಗೆ ಟಿಪ್ಪಣಿ ಬರೆದಿದ್ದರು. ಅವರು ಬೆಂಗಳೂರಿಗೆ ಬಂದದ್ದು 1933ರಲ್ಲಿ. ನಮ್ಮ ಕಂಬಾರಸಾಲಿಗಳಲ್ಲಿ ದಿನವೂ ಕಣ್ಣಳತೆಗೆ ಸಿಗುತ್ತಿದ್ದ ಸಂಗತಿ ಪ್ರಯೋಗಾಲಯದಲ್ಲಿ ಚರ್ಚೆಯ ವಸ್ತುವಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಲೋಹದ ಮೈಯನ್ನೇ ಬದಲಿಸಿ ಬಣ್ಣ ಬರಿಸುವುದು ಕರ್ನಾಟಕಕ್ಕೆ ಹೊಸದೂ ಅಲ್ಲ. ಬೀದರಿನ ಬಿದ್ರಿ ಕೆಲಸದಲ್ಲಿ ಸತು ಹೆಚ್ಚಾಗಿ, ತಾಮ್ರ ಸ್ವಲ್ಪವೇ ಇರುವ ಎರಕದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಎರಕ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅಲ್ಲಿಯೂ ಯಾರೂ ಕಪ್ಪು ಬಳಿಯುವುದಿಲ್ಲ. ಇನ್ನು ಟೈಟೇನಿಯಂ ಬಣ್ಣ ಅಳತೆಯೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕಿದ್ದರೆ ಎಲುಬು-ಕೀಲು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಬೇಕು. ಮುರಿದ ಎಲುಬಿಗೆ ಹಾಕುವ ಟೈಟೇನಿಯಂ ಪ್ಲೇಟು, ತಿರುಪುಗಳು ಚಿನ್ನದ ಬಣ್ಣ, ನೀಲಿ, ಹಸಿರು ಎಂದು ಬೇರೆಬೇರೆ ಇರುವುದು ವೈದ್ಯರು ಅಳತೆಯನ್ನು ತಟ್ಟನೆ ಗುರುತಿಸಲಿ ಎಂದು. ಆ ಬಣ್ಣ ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡೇ. ಬಿಟ್ಟು ಹೋಗುವ ಬಣ್ಣ ಅದರಲ್ಲಿ ಏನೂ ಇಲ್ಲದ್ದರಿಂದಲೇ ಅದನ್ನು ಮೈಯೊಳಗೆ ಇಡುವುದಕ್ಕೆ ಯಾರೂ ಹಿಂಜರಿಯುವುದಿಲ್ಲ.

ಲೋಹವೂ ಅಷ್ಟು ದೂರದ್ದಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಟೈಟೇನಿಯಂ ಅದಿರು ಹೇರಳವಾಗಿದೆ. ಅಲ್ಲಿಯೇ 2011ರಲ್ಲಿ ಬಾಹ್ಯಾಕಾಶ ಇಲಾಖೆಯ ನೆರವಿನಿಂದ ಟೈಟೇನಿಯಂ ಸ್ಪಂಜು ಮಾಡುವ ಘಟಕ ಶುರುವಾಯಿತು. ಬೆಳಗಾವಿ ಜಿಲ್ಲೆಯಲ್ಲೇ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಚಾಕುವಿನ ಹಿಡಿಗೆ ಸಾಮಾನ್ಯವಾಗಿ ಬಳಸುವುದು 100ಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವನೇಡಿಯಂ ಬೆರೆತ ಮಿಶ್ರಲೋಹ. ವಿಮಾನಗಳಲ್ಲಿ ಬಳಕೆಯಾಗುವುದೂ ಹೆಚ್ಚಾಗಿ ಅದೇ. ಅದರ ತೂಕ ಅದೇ ಗಾತ್ರದ ಉಕ್ಕಿನ ಅರ್ಧಕ್ಕಿಂತ ತುಸುವೇ ಹೆಚ್ಚು.

ಈಗ ಕೆಲಸದ ಮಾತು. ಮೊದಲು ಚಾಕುವನ್ನು ಪೂರ್ತಿ ಬಿಚ್ಚಬೇಕು. ಅಲಗು, ಬೇರಿಂಗಿನ ಗುಂಡು, ಉಕ್ಕಿನ ತಿರುಪು ಯಾವುದೂ ಟೈಟೇನಿಯಂ ಭಾಗಕ್ಕೆ ಅಂಟಿಕೊಂಡಿರಬಾರದು. ಬೇರೆ ಲೋಹ ಜೊತೆಗೆ ನೀರಿಗಿಳಿದರೆ ವಿದ್ಯುತ್ತು ಅದರ ಮೂಲಕವೇ ಹರಿದು ಅದನ್ನು ತಿನ್ನುತ್ತದೆ, ಟೈಟೇನಿಯಂಗೆ ಬಣ್ಣವೂ ಬರುವುದಿಲ್ಲ. ಆಮೇಲೆ ಜಿಡ್ಡು ತೆಗೆಯಬೇಕು. ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಪಾತ್ರೆ ತೊಳೆಯುವ ಸೋಪು, ಹಳೆ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಅಸಿಟೋನ್. ಅಲ್ಲಿಂದಾಚೆ ಬರಿಗೈ ತಾಗಿಸುವ ಹಾಗಿಲ್ಲ. ಹೆಬ್ಬೆಟ್ಟು ತಾಗಿದ ಜಾಗದಲ್ಲಿ ಪದರ ಸಮನಾಗಿ ಬೆಳೆಯದೆ, ನೀಲಿಯ ನಡುವೆ ಕಂದು ಬಣ್ಣದ ಬೆರಳಚ್ಚು ಮೂಡಿ ಕೂರುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರು ತುಂಬಿ, ಲೀಟರಿಗೆ ಒಂದೆರಡು ಚಮಚ ಅಡುಗೆ ಸೋಡಾ ಕರಗಿಸಿದರೆ ದ್ರಾವಣ ಸಿದ್ಧ. ಬ್ಯಾಟರಿಯ ಋಣ ತುದಿಗೆ ಸ್ಟೀಲಿನ ತಗಡು ಅಥವಾ ಅಲ್ಯೂಮಿನಿಯಂ ಹಾಳೆ. ಧನ ತುದಿಗೆ ಚಾಕುವಿನ ಭಾಗ. ಧನ ತುದಿಯ ತಾಮ್ರದ ಕ್ಲಿಪ್ಪು ನೀರಿಗೆ ತಾಗಬಾರದು. ಟೈಟೇನಿಯಂ ತಂತಿಯ ಕೊಕ್ಕೆಯಲ್ಲಿ ಭಾಗವನ್ನು ತೂಗುಬಿಟ್ಟು, ಕ್ಲಿಪ್ಪನ್ನು ನೀರಿನಿಂದ ಮೇಲೆ ಕೊಕ್ಕೆಗೆ ಹಾಕಬೇಕು. ಎರಡು ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡು ವಿದ್ಯುತ್ತು ಕೊಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ, ಬೂದು ಮೈ ಕಂಚಿಗೆ ತಿರುಗಿ, ನೇರಳೆಯನ್ನು ಹಾದು, ನೀಲಿಗೆ ಬಂದು ನಿಲ್ಲುತ್ತದೆ. ನೀರಿನೊಳಗೆ ಕಂಡ ಬಣ್ಣವೇ ಒಣಗಿದ ಮೇಲಿನ ಬಣ್ಣವಲ್ಲ. ತೊಳೆದು ಒರೆಸಿ ನೋಡದೆ ತೀರ್ಮಾನಿಸಬಾರದು.

ಯಾವ ಬಣ್ಣಕ್ಕೆ ಎಷ್ಟು ವೋಲ್ಟು? ಮಿಶ್ರಲೋಹ, ಮೇಲ್ಮೈಯ ನುಣುಪು ಇವುಗಳ ಮೇಲೆ ಅಷ್ಟಿಷ್ಟು ಹೆಚ್ಚುಕಡಿಮೆ ಆಗುತ್ತದೆ, ಆದರೂ ಹದಿನೈದರ ಸುತ್ತ ಕಂಚು, ಇಪ್ಪತ್ತರ ಸುತ್ತ ನೇರಳೆ, 27ರಿಂದ 30ಕ್ಕೆ ಗಾಢ ನೀಲಿ, ನಲವತ್ತರ ಹತ್ತಿರ ತಿಳಿ ಆಕಾಶ ನೀಲಿ ಎಂದು ಇಟ್ಟುಕೊಳ್ಳಬಹುದು. 55ಕ್ಕೆ ಚಿನ್ನದ ಹಳದಿ, 65-70ಕ್ಕೆ ಗುಲಾಬಿ, ಮತ್ತೊಂದು ನೇರಳೆ, ನೂರರ ಹತ್ತಿರ ಹಸಿರು. ಕೆಂಪು ಮಾತ್ರ ಎಷ್ಟು ವೋಲ್ಟಿಗೂ ಬರುವುದಿಲ್ಲ. ಪದರ ಎಷ್ಟು ದಪ್ಪವಾದರೂ ಉಳಿದೆಲ್ಲ ಬಣ್ಣ ಅಳಿಸಿ ಅಪ್ಪಟ ಕೆಂಪನ್ನಷ್ಟೇ ಉಳಿಸುವ ಹಂತ ಅದರಲ್ಲಿಲ್ಲ; ಟೈಟೇನಿಯಂಗೆ ಕುಂಕುಮದ ಬಣ್ಣ ಕೊಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರು ಪೇಂಟು ಹಚ್ಚುತ್ತಿದ್ದಾರೆ ಎಂದು ತಿಳಿಯಬೇಕು. ಮೂರು 9 ವೋಲ್ಟಿನ ಚಿಕ್ಕ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 27 ವೋಲ್ಟಾಯಿತು, ಅಂದರೆ ನೀಲಿ ಸಿಕ್ಕಿತು. ಹೊಸಬರಿಗೆ ಅಷ್ಟು ಸಾಕು. ಅಭಿರುಚಿಯ ಮಾತು ಕೇಳಿದರೆ, ಗುಲಾಬಿ ಹಸಿರು ಮಿಂಚುವ ಚಾಕು ಜಾತ್ರೆಯ ಆಟಿಕೆಯ ಹಾಗೆ ಕಾಣುತ್ತದೆ; ಕಂಚಿನ ಬಣ್ಣವೇ ನನಗೆ ಮೇಲು.

ಅಳತೆ ಎಂಬ ಮಾತಿನ ಪ್ರಯೋಜನ ಎರಡು ಬಣ್ಣ ಬರಿಸುವಾಗ ಚೆನ್ನಾಗಿ ತಿಳಿಯುತ್ತದೆ. ಪೇಂಟು ಹಚ್ಚುವವರು ಮೊದಲು ತಿಳಿ ಬಣ್ಣ, ಅದರ ಮೇಲೆ ಗಾಢ ಬಣ್ಣ ಎಂದು ಯೋಚಿಸುತ್ತಾರೆ. ಇಲ್ಲಿ ತಿಳಿ-ಗಾಢದ ಲೆಕ್ಕವಿಲ್ಲ, ಮೊದಲು ಹೆಚ್ಚಿನ ವೋಲ್ಟು, ಆಮೇಲೆ ಕಡಿಮೆ. ದಪ್ಪ ಪದರ ಕಟ್ಟಿದ ಜಾಗವನ್ನು ಕಡಿಮೆ ವೋಲ್ಟು ಅಲುಗಿಸಲಾರದು. ಹಿಡಿಯ ಮೇಲೆ ಕಸೂತಿಯ ಗೋಪುರವನ್ನು ಚಿನ್ನದ ಹಳದಿಯಲ್ಲಿ, ಸುತ್ತಲಿನ ಬಯಲನ್ನು ನೀಲಿಯಲ್ಲಿ ಮೂಡಿಸಬೇಕು ಅಂದುಕೊಳ್ಳಿ. ಇಡೀ ಹಲಗೆಯನ್ನು 55 ವೋಲ್ಟಿಗೆ ಹಳದಿ ಮಾಡಿ, ಗೋಪುರದ ಆಕಾರವನ್ನು ಬಿಟ್ಟು ಉಳಿದ ಜಾಗದ ಪದರವನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ ತೆಗೆದು, ಜಿಡ್ಡು ತೊಳೆದು, ಮತ್ತೆ 27 ವೋಲ್ಟಿಗೆ ಇಳಿಬಿಟ್ಟರೆ ಉಜ್ಜಿದ ಜಾಗವಷ್ಟೇ ನೀಲಿಯಾಗುತ್ತದೆ. ಹಳದಿ ಹಾಗೆಯೇ ಉಳಿಯುತ್ತದೆ. ಕಸೂತಿಯ ಗೆರೆಗಳು ನೇರ ಮತ್ತು ಓರೆ ಮಾತ್ರವಾದ್ದರಿಂದ ಅಳತೆಪಟ್ಟಿ ಇಟ್ಟು ಉಜ್ಜಲು ಬಳ್ಳಿ-ಹೂವುಗಳಿಗಿಂತ ಅದು ಹೆಚ್ಚು ಒದಗುತ್ತದೆ. ಉಜ್ಜುವಾಗ ಗೋಪುರವನ್ನು ಕಾಪಾಡಲು ಉಗುರು ಬಣ್ಣ ಬಳಿದುಕೊಂಡು, ಕೊನೆಗೆ ಅಸಿಟೋನಿನಲ್ಲಿ ತೆಗೆದರಾಯಿತು.

ಇಷ್ಟೆಲ್ಲ ತಾಪತ್ರಯ ಏಕೆ, ಗ್ಯಾಸಿನ ಉರಿ ಹಿಡಿದರೆ ಬಣ್ಣ ಬರುವುದಿಲ್ಲವೇ ಎಂದು ಕೇಳುವವರುಂಟು. ಬರುತ್ತದೆ. ಕಾಸಿದ ಟೈಟೇನಿಯಂನಲ್ಲೂ ಅದೇ ಹಳದಿ, ನೇರಳೆ, ನೀಲಿ ಸರದಿಯಲ್ಲಿ ಮೂಡುತ್ತವೆ. ಉರಿ ತಾಗಿದ ಕಡೆ ಒಂದು, ಅಂಚಿನಲ್ಲಿ ಇನ್ನೊಂದು ಎಂದು ಮೋಡದಂತೆ ಹರಡಿದ ಬಣ್ಣಗಳನ್ನು ಇಷ್ಟಪಡುವವರೂ ಇದ್ದಾರೆ. ಬಿಚ್ಚಿಟ್ಟ ಹಲಗೆಗೆ ಅಷ್ಟರಿಂದ ಹೆಚ್ಚಿನ ಹಾನಿಯಿಲ್ಲ, ಬಣ್ಣ ಸಮನಾಗಿ ಬರುವುದಿಲ್ಲ ಅಷ್ಟೇ. ಆದರೆ ಚಾಕು ಬಿಚ್ಚುವ ಸೋಮಾರಿತನಕ್ಕೆ ಇಡಿಯಾಗಿ ಉರಿಗೆ ಹಿಡಿದರೆ ಅಲಗು ಕೆಟ್ಟಿತು. ಕುಡಗೋಲಿನ ಪಾಠವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಉಕ್ಕಿನ ಮೇಲೆ ಬಣ್ಣ ಕಂಡಿತೆಂದರೆ ಒಳಗಿನ ಗಡಸುತನ ಬದಲಾಗುತ್ತಿದೆ ಎಂದರ್ಥ. ಹೊಸ ಚಾಕುಗಳ ಅಲಗು ಬಹುತೇಕ ಕ್ರೋಮಿಯಂ ಹೆಚ್ಚಿರುವ ತುಕ್ಕುರಹಿತ ಉಕ್ಕಿನದು, ಅದರಲ್ಲಿ ಬಣ್ಣಗಳು ಸಾದಾ ಉಕ್ಕಿಗಿಂತ ಹೆಚ್ಚಿನ ಕಾವಿಗೆ ಮೂಡುತ್ತವೆ. ಹಳದಿ ಕಣ್ಣಿಗೆ ಬೀಳುವ ಹೊತ್ತಿಗೆ ಹದ ದಾಟಿಹೋಗಿರುವ ಸಂಭವವೇ ಹೆಚ್ಚು. ವಾರದ ಸಂತೆಯಲ್ಲಿ ಸಾಣೆ ಹಿಡಿಯುವವರು ಚಕ್ರಕ್ಕೆ ಅಲಗನ್ನು ಒತ್ತಿ ಹಿಡಿದು, ಅಂಚಿನ ಮೇಲೊಂದು ನೀಲಿ ಗೆರೆ ಬಿದ್ದರೆ, ಆ ಗೆರೆಯಷ್ಟು ಅಂಚು ಮೆತ್ತಗಾಗಿದೆ. ಎಷ್ಟು ಹರಿತ ಮಾಡಿದರೂ ಅಲ್ಲಿ ಬೇಗ ಮೊಂಡಾಗುತ್ತದೆ. ಆಗಾಗ ನೀರಿಗೆ ಅದ್ದುವ ಸಾಣೆಯವರಿಗೇ ಚಾಕು ಕೊಡುವುದು ಜಾಣತನ. ಒಂದೇ ನೀಲಿ ಟೈಟೇನಿಯಂ ಮೇಲೆ ಕಂಡರೆ ಬರಿ ಮೈಯ ಸುದ್ದಿ, ಉಕ್ಕಿನ ಮೇಲೆ ಕಂಡರೆ ಒಡಲಿನ ಸುದ್ದಿ. ಅದನ್ನು ಪೇಂಟು ಎಂದುಕೊಂಡವರಿಗೆ ಈ ಭೇದ ಹೊಳೆಯುವುದೇ ಇಲ್ಲ.

ಅಪಾಯದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪು, ಟ್ರ್ಯಾಕ್ಟರಿನ ಬ್ಯಾಟರಿ ಎಲ್ಲರ ಮನೆಯಲ್ಲೂ ಇವೆ; ಎರಡು ಮೂರು ಜೋಡಿಸಿದರೆ 24, 36 ವೋಲ್ಟು ಸಿಗುತ್ತದೆ ಎಂಬ ಯೋಚನೆ ಬರುವುದು ಸಹಜ. ವೋಲ್ಟೇಜು ಸರಿಯೇ, ಆದರೆ ಆ ಬ್ಯಾಟರಿಗಳು ತುದಿ ತುದಿ ತಾಗಿದಾಗ ಹರಿಸುವ ಕರೆಂಟು ತಂತಿಯನ್ನೇ ಕರಗಿಸಬಲ್ಲದು. ಫ್ಯೂಸು ಇಲ್ಲದೆ ಅವುಗಳ ಗೊಡವೆ ಬೇಡ. ಮನೆಯ 230 ವೋಲ್ಟಿನ ಲೈನಿಗೆ, ಹೊಲದ ಬೇಲಿಯ ಝಟಕಾ ಮಷಿನ್ನಿಗೆ ಕೈ ಹಾಕುವ ಮಾತೇ ಇಲ್ಲ. ವೋಲ್ಟೇಜು ಬದಲಿಸಬಲ್ಲ, ಕರೆಂಟಿಗೆ ಮಿತಿ ಹಾಕುವ ಡಿಸಿ ಸಪ್ಲೈ ಬಳಸುವವರೂ 60 ವೋಲ್ಟು ದಾಟಿದ ಮೇಲೆ ರಬ್ಬರಿನ ಕೈಗವಸಿಲ್ಲದೆ ಮುಟ್ಟಬಾರದು, ಒದ್ದೆ ಕೈಯಂತೂ ಕೂಡದೇ ಕೂಡದು. ಸೋಡಾ ಇಲ್ಲವೆಂದು ಅಡುಗೆ ಉಪ್ಪು ಹಾಕುವುದು ಇನ್ನೊಂದು ತಪ್ಪು. ಉಪ್ಪುನೀರಿಗೆ ವಿದ್ಯುತ್ತು ಹಾಯಿಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೈಡ್ರೋಫ್ಲೋರಿಕ್ ಆಮ್ಲ. ಕಾರ್ಖಾನೆಗಳಲ್ಲಿ ಬಣ್ಣ ಸ್ವಚ್ಛವಾಗಿ ಬರಲೆಂದು ಟೈಟೇನಿಯಂ ಮೈಯನ್ನು ಮೊದಲು ಅದರಲ್ಲಿ ಸವೆಸುತ್ತಾರೆ. ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲೂ ಅದು ಇರುತ್ತದೆ. ಚರ್ಮಕ್ಕೆ ತಾಗಿದಾಗ ಮೊದಮೊದಲು ಉರಿಯದೆ, ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಂಡು ಜೀವಕ್ಕೇ ಕುತ್ತು ತರಬಲ್ಲದು. ಬಣ್ಣ ತುಸು ಮಂಕಾದರೂ ಚಿಂತೆಯಿಲ್ಲ, ಅದು ಮನೆಯೊಳಗೆ ಬರಬಾರದು. ಇಷ್ಟು ಬೇಲಿಗಳನ್ನು ಹಾಕಿಕೊಂಡರೆ 9 ವೋಲ್ಟಿನ ಮೂರು ಬ್ಯಾಟರಿಗಳ ಕೆಲಸ ಹೈಸ್ಕೂಲಿನ ಪ್ರಯೋಗದಷ್ಟೇ ನಿರಪಾಯ.

ಇನ್ನೊಂದು ತಕರಾರು ಹೆಚ್ಚು ಗಂಭೀರವಾದದ್ದು. ಕುಲುಮೆಗಳು ಒಂದೊಂದಾಗಿ ಮುಚ್ಚುತ್ತಿರುವಾಗ, ಕುಂಟಿಯ ಕುಡ ಬಡಿಸುವವರೇ ಕಡಿಮೆಯಾಗಿ ಟ್ರ್ಯಾಕ್ಟರು ಹೊಲಕ್ಕಿಳಿದಿರುವಾಗ, ದುಬಾರಿ ಚಾಕುವಿನ ಹಿಡಿಗೆ ಬಣ್ಣ ಬರಿಸುವುದು ಉಳ್ಳವರ ಶೋಕಿಯಲ್ಲವೇ? ಶೋಕಿ ಎಂಬುದನ್ನು ಒಪ್ಪುತ್ತೇನೆ. ಟೈಟೇನಿಯಂ ಹಿಡಿಯಿಂದ ಸೌತೆಕಾಯಿ ಚೆನ್ನಾಗಿ ಹೆಚ್ಚುವುದಿಲ್ಲ, ಬಣ್ಣ ಬಂದ ಮಾತ್ರಕ್ಕೆ ಹಿಡಿ ಗಟ್ಟಿಯಾಗುವುದೂ ಇಲ್ಲ. ಹಾಗೆ ಹೇಳಿ ಮಾರುವವರ ಮಾತನ್ನು ನಂಬಬಾರದು. ಆದರೆ ಸಾಧನಕ್ಕೆ ಅಂದ ಬೇಡವೆಂಬ ವಾದ ನಮ್ಮ ಸೀಮೆಯದ್ದಲ್ಲ. ಮಹಾನವಮಿಯ ಖಂಡೆ ಪೂಜೆಗೆ ಕುಡಗೋಲು, ಕುರ್ಪಿ, ಕೊಡಲಿಗಳನ್ನೆಲ್ಲ ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಅರಿಷಿಣ ಕುಂಕುಮ ಏರಿಸಿ ಸಾಲಾಗಿ ಇಡುವ ಮನೆಗಳಲ್ಲಿ, ದುಡಿಯುವ ವಸ್ತುವಿಗೆ ಬಣ್ಣ ಸಲ್ಲದು ಎಂದರೆ ಯಾರು ಕೇಳಿಯಾರು? ಅದಕ್ಕಿಂತ ನನಗೆ ತೂಕದ್ದಾಗಿ ಕಾಣುವ ಮಾತು ಇನ್ನೊಂದಿದೆ. ಮೂರು ಬ್ಯಾಟರಿ ಹಿಡಿದು ನೀಲಿ ಬರಿಸಿದ ಹುಡುಗ, ಪದರದ ದಪ್ಪ ಬಣ್ಣವಾಗಿ ಕಾಣುತ್ತದೆ ಎಂಬುದನ್ನು ಕಣ್ಣಾರೆ ಕಂಡವನು, ಕಂಬಾರಸಾಲಿಯಲ್ಲಿ ಓಡುವ ಬಣ್ಣವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ. ಅಲ್ಲಿ ಕುಳಿತವರು ಬರಿ ಕಬ್ಬಿಣ ಬಡಿಯುವವರಲ್ಲ, ನ್ಯಾನೋಮೀಟರಿನ ಪದರಗಳನ್ನು ಬರಿಗಣ್ಣಿನಿಂದ ಓದುವವರು ಎಂದು ಅವನಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ. ಬೈಲಹೊಂಗಲ, ರಾಮದುರ್ಗದ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಒಂದು ಟೈಟೇನಿಯಂ ಪಟ್ಟಿಯನ್ನೂ ಹತ್ತಿರದ ಕುಲುಮೆಯಿಂದ ತಂದ ಉಕ್ಕಿನ ತುಂಡನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಖರ್ಚೂ ಅಷ್ಟೇನಿಲ್ಲ.

ಚಾಕುವೆಂದರೆ ಆಯುಧ, ಅದನ್ನು ಹುಡುಗರಿಗೆ ಚಂದ ಮಾಡಿ ತೋರಿಸುವುದೇಕೆ ಎನ್ನುವವರೂ ಇದ್ದಾರೆ. ಕಿತ್ತೂರೆಂದರೆ ಎತ್ತಿದ ಖಡ್ಗದ ಚನ್ನಮ್ಮನ ಪ್ರತಿಮೆಯೇ ಕಣ್ಣಮುಂದೆ ಬರುವ ನಾಡಿನಲ್ಲಿ ಅಲಗಿನ ಸೆಳೆತ ಇಲ್ಲ ಎನ್ನಲಾಗದು. ಆದರೆ 1824ರ ಅಕ್ಟೋಬರಿನ ಆ ಖಡ್ಗಕ್ಕೂ ಹಣ್ಣು ಹೆಚ್ಚಿ, ಸುತಳಿ ಕತ್ತರಿಸಿ ಜೇಬಿಗೆ ಸೇರುವ ಬೆರಳುದ್ದದ ಅಲಗಿಗೂ ಕಾನೂನೇ ಗೆರೆ ಎಳೆದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು ಹರಿತ ಆಯುಧವೆಂದು ಹೆಸರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಮನೆ, ಹೊಲ, ಕಾರ್ಖಾನೆಯ ಬಳಕೆಗೆಂದೇ ಮಾಡಿದವು ಅದರಿಂದ ಹೊರಗೆ. ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕುಗಳಿಗೆ ಕೆಲವು ಕಡೆ ಬೇರೆ ನಿರ್ಬಂಧಗಳಿವೆ, ಅವುಗಳನ್ನು ಕೊಳ್ಳದಿರುವುದೇ ಕ್ಷೇಮ. ಎಲ್ಲಮ್ಮನ ಜಾತ್ರೆಗೆ, ಮೆರವಣಿಗೆಗೆ, ವಿಮಾನದ ಕೈಚೀಲಕ್ಕೆ ಎಷ್ಟೇ ಚಿಕ್ಕ ಚಾಕುವೂ ಬೇಡ. ಚಂದ ಮಾಡಿದ್ದರಿಂದ ಚಾಕು ಹೆಚ್ಚು ಅಪಾಯಕಾರಿ ಆಗುತ್ತದೆ ಎಂಬುದಕ್ಕೆ ಮಾತ್ರ ನನಗೆ ಆಧಾರ ಕಾಣುವುದಿಲ್ಲ. ಗಂಟೆಗಟ್ಟಲೆ ಬಿಚ್ಚಿ ತೊಳೆದು ಬಣ್ಣ ಬರಿಸಿದವರು ಅದನ್ನು ಗೀಚು ಬೀಳದಂತೆ ಕಾಪಾಡಿಕೊಳ್ಳುವುದೇ ಹೆಚ್ಚು.

ಗೀಚಂತೂ ಬಿದ್ದೇ ಬೀಳುತ್ತದೆ. ಐವತ್ತು ನ್ಯಾನೋಮೀಟರಿನ ಪದರ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆಯ ಜೊತೆ ಎಷ್ಟು ದಿನ ತಾಳೀತು? ಅಂಚುಗಳಲ್ಲಿ, ಕ್ಲಿಪ್ಪಿನ ಉಬ್ಬಿನ ಮೇಲೆ ಮೊದಲು ಬೂದು ಇಣುಕುತ್ತದೆ. ಎಣ್ಣೆ ಕೈ ತಾಗಿದರೆ ನೀಲಿ ತಾತ್ಕಾಲಿಕವಾಗಿ ಮಂಕಾಗುವುದು ಬೇರೆ ಸಂಗತಿ, ಅಸಿಟೋನ್ ಹಚ್ಚಿ ಒರೆಸಿದರೆ ಅದು ಮರಳುತ್ತದೆ. ಬೆಳಕಿಗೆ ಬಣ್ಣದ ಪದರದ ಮೇಲೆ ಇನ್ನೊಂದು ಪದರ ಅಡ್ಡ ಬಂದಿರುತ್ತದೆ ಅಷ್ಟೇ. ಸವೆದದ್ದಕ್ಕೆ ಮತ್ತೆ ಸೋಡಾ ನೀರೇ ಗತಿ, ಹಿಂದಿನ ವೋಲ್ಟಿಗೇ ಜೋಡಿಸಿದರೆ ಬೂದು ಬಿಟ್ಟ ಜಾಗವಷ್ಟೇ ಬಣ್ಣ ತುಂಬಿಕೊಳ್ಳುತ್ತದೆ. ಹೊಸಬರು ಹಿಡಿಯ ಹಲಗೆಗೆ ಕೈ ಹಾಕುವ ಮೊದಲು ಕ್ಲಿಪ್ಪಿನಿಂದಲೋ ತಿರುಪಿನಿಂದಲೋ ಶುರು ಮಾಡುವುದು ಒಳ್ಳೆಯದು. ಹಲಗೆಗೆ ಬಂದಾಗ ಬೀಗದ ತುಂಡು ಅಲಗಿನ ಬುಡಕ್ಕೆ ಒತ್ತಿ ನಿಲ್ಲುವ ಆ ಚಿಕ್ಕ ಮೈಯನ್ನು ಮರಳು ಕಾಗದದಿಂದ ಉಜ್ಜಲು ಹೋಗಬಾರದು. ಅಲ್ಲಿ ಕೂದಲೆಳೆಯಷ್ಟು ಲೋಹ ಸವೆದರೂ ತೆರೆದ ಅಲಗು ಅಲುಗಾಡತೊಡಗುತ್ತದೆ. ಆ ಜಾಗಕ್ಕೆ ಉಗುರು ಬಣ್ಣ ಬಳಿದು ನೀರಿಗಿಳಿಸಿ, ಆಮೇಲೆ ಒರೆಸಿ ತೆಗೆದು, ಚಾಕು ಜೋಡಿಸಿ, ಅಲಗು ತೆರೆದಾಗ ಬೀಗ ಗಟ್ಟಿಯಾಗಿ ಕೂರುತ್ತದೆಯೇ ಎಂದು ಅಲಗಿನ ಬೆನ್ನನ್ನು ಒತ್ತಿ ನೋಡಬೇಕು. ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟುಕೊಂಡೇ.